ಸಂಖ್ಯಾತಪಸ್ವಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್

ವಿದ್ಯಾಭ್ಯಾಸಕ್ಕೆ ಎರಡು ಮುಖಗಳುಂಟು. ಹಿರಿಯರು ಕಂಡುಕೊಂಡುದನ್ನು ಶ್ರದ್ಧೆಯಿಂದ ಅರಿತುಕೊಳ್ಳುವುದು ಒಂದು ಮುಖ. ಅದುವರೆಗೆ ಯಾರ ಕಣ್ಣಿಗೂ ಬೀಳದುದನ್ನು ತಾನೇ ಅರಸಿ ಹೊರಡುವುದು ಇನ್ನೊಂದು ಮುಖ. ಮೊದಲನೆಯದು ಪೂರ್ಣಗೊಂಡ ಬಳಿಕವಲ್ಲದೆ ಎರಡನೆಯದಕ್ಕೆ ಕೈಹಾಕಲಾಗದೆಂಬ ನಂಬಿಕೆ ವಿದ್ಯಾಲಯಗಳಲ್ಲಿ ಬಹುಕಾಲದಿಂದ ಬೇರೂರಿದೆ. ಗಣಿತಶಾಸ್ತ್ರದ ವಿಷಯದಲ್ಲಂತೂ ಈ ನಂಬಿಕೆ ಮತ್ತಷ್ಟು ಬಲವಾದುದು. ಪದವಿ, ಅದರ ಮೇಲೊಂದು ಪದವಿ, ಅನಂತರ ಸಂಶೋಧನೆ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದವನಿಗೆ ಮಾತ್ರ ಹೊಸದನ್ನು ಹುಡುಕುವ ಅಧಿಕಾರವೆಂದು ಭಾವಿಸಿ, ಎಷ್ಟೋ ಬುದ್ಧಿವಂತ ತರುಣರು ತಮ್ಮ ಮನಸ್ಸಿನಲ್ಲಿ ಮೂಡಿದ ಪ್ರಶ್ನೆಗಳನ್ನು ಅಲ್ಲಿಯೇ ಅದುಮಿಟ್ಟು ಪರೀಕ್ಷೆಯ ಪಾಠಗಳಿಗೆ ಮರಳಿದ್ದಾರೆ. ಹಾಗೆ ಅದುಮಿಡದೆ, ವಿದ್ಯಾರ್ಥಿದೆಸೆಯಲ್ಲಿಯೇ ಸ್ವತಂತ್ರ ಚಿಂತನೆಗೆ ತೊಡಗಿ, ಬಿ.ಎಸ್‌ಸಿ. ಪದವಿಯೊಂದನ್ನಲ್ಲದೆ ಬೇರಾವ ಪದವಿಯನ್ನೂ ಪಡೆಯದೆ, ಹಳ್ಳಿಗಾಡಿಗೆ ಹತ್ತಿರದ ಊರೊಂದರಲ್ಲಿ ಶಾಲಾಶಿಕ್ಷಕರಾಗಿದ್ದುಕೊಂಡೇ ತಮ್ಮ ಹೆಸರನ್ನು ಜಗತ್ತಿನ ಗಣಿತಗ್ರಂಥಗಳಲ್ಲಿ ನೆಲೆಗೊಳಿಸಿದ ಮಹನೀಯರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು.

ದತ್ತಾತ್ರೇಯ ರಾಮಚಂದ್ರ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಧಾರವಾಡದ ವರಕವಿ ದ. ರಾ. ಬೇಂದ್ರೆಯವರು. ಇಬ್ಬರ ಹೆಸರೂ ತಂದೆಯ ಹೆಸರೂ ಒಂದೇ ಆಗಿರುವುದು ಕಾಕತಾಳೀಯ. ಆದರೆ ಇಬ್ಬರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೆಂಬುದೂ, ಕವಿಯಾದ ಬೇಂದ್ರೆಯವರು ಇಳಿವಯಸ್ಸಿನಲ್ಲಿ ಸಂಖ್ಯೆಗಳ ಧ್ಯಾನದಲ್ಲಿ ಮುಳುಗಿದ್ದರೆಂಬುದೂ ಈ ನಾಮಸಾಮ್ಯಕ್ಕೆ ಒಂದು ವಿಶೇಷ ಶೋಭೆಯನ್ನು ತಂದಿವೆ. ಬೇಂದ್ರೆಯವರು ಆ ಕಾಲೇಜಿನಿಂದ ಪದವಿ ಪಡೆದುದು 1918ರಲ್ಲಿ; ಕಾಪ್ರೇಕರರು ಅಲ್ಲಿಗೆ ಕಾಲಿಟ್ಟುದು 1923ರಲ್ಲಿ.

ಕಾಪ್ರೇಕರರ ಜನನ 1905ನೆಯ ಇಸವಿ ಜನವರಿ 17ರಂದು, ಮುಂಬಯಿಗೆ ಉತ್ತರದಲ್ಲಿ ಸುಮಾರು ನೂರು ಕಿಲೋಮೀಟರು ದೂರದ ಕಡಲತೀರದ ಡಹಾಣು ಎಂಬ ಊರಿನಲ್ಲಿ ಆಯಿತು. ಎಂಟನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ತಂದೆಯೇ ತಾಯಿಯೂ ಆದರು. ತಂದೆ ಗುಮಾಸ್ತರಾಗಿದ್ದರು, ಜ್ಯೋತಿಷ್ಯದಲ್ಲಿ ಅವರಿಗೆ ಅತೀವ ಆಸಕ್ತಿ. ಕುಂಡಲಿ ಹಾಕುವವನಿಗೆ ಗಣಿತದ ಗಹನ ತತ್ತ್ವಗಳು ಬೇಕಾಗದಿದ್ದರೂ ಕೂಡಿಸಿ ಕಳೆದು ಗುಣಿಸಿ ಭಾಗಿಸುವ ಚಾತುರ್ಯವಂತೂ ಬೇಕೇ ಬೇಕು. ತಂದೆಯ ಪಕ್ಕದಲ್ಲಿ ಕುಳಿತು ಈ ಲೆಕ್ಕಾಚಾರಗಳನ್ನು ನೋಡುತ್ತ ಬೆಳೆದ ಬಾಲಕನಿಗೆ ಅಂಕಿಗಳೇ ಒಡನಾಡಿಗಳಾದುವು. ಗ್ರಹಗತಿಗಳನ್ನು ತಿಳಿಯಲೆಂದು ತಂದೆ ಮಾಡುತ್ತಿದ್ದ ಲೆಕ್ಕ ಮಗನಿಗೆ ಲೆಕ್ಕಕ್ಕಾಗಿಯೇ ಪ್ರಿಯವಾಯಿತು. ಠಾಣೆಯಲ್ಲಿ ಪ್ರೌಢಶಾಲಾ ವಿದ್ಯಾಭ್ಯಾಸ ನಡೆಯುತ್ತಿದ್ದಾಗ ಗಣಿತದ ಒಗಟುಗಳನ್ನು ಬಿಡಿಸುವುದರಲ್ಲಿಯೇ ಅವರ ಬಿಡುವಿನ ವೇಳೆಯೆಲ್ಲ ಸಂದುಹೋಗುತ್ತಿದ್ದಿತು.

ಮುಂದೆ ಅವರು ಸೇರಿದ ಫರ್ಗ್ಯುಸನ್ ಕಾಲೇಜಿನ ಹಿನ್ನೆಲೆಯನ್ನು ಇಲ್ಲಿ ಅರಿಯುವುದು ಉಚಿತ. ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯು 1885ರಲ್ಲಿ ಸ್ಥಾಪಿಸಿದ ಈ ಕಾಲೇಜನ್ನು ಕಟ್ಟಿದವರು ತಿಲಕ, ಆಗರಕರ ಮೊದಲಾದ ತ್ಯಾಗಜೀವಿಗಳಾದ ತರುಣ ಶಿಕ್ಷಕರು. ಗೋಪಾಲಕೃಷ್ಣ ಗೋಖಲೆಯವರು ಇಲ್ಲಿ ಗಣಿತವನ್ನು ಬೋಧಿಸಿದ್ದರು. ಶಿಕ್ಷಕರೇ ಕೂಡಿ ಅಲ್ಪ ವೇತನಕ್ಕೆ ದುಡಿದು ವಿದ್ಯಾಸಂಸ್ಥೆಯನ್ನು ಬೆಳೆಸುವ ಈ ಆದರ್ಶ ಕನ್ನಡ ನಾಡಿಗೂ ಅಪರಿಚಿತವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಹನೀಯರು ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯೂ ಇಂತಹ ತ್ಯಾಗದ ಫಲವೇ ಆಗಿದೆ.

ಫರ್ಗ್ಯುಸನ್ ಕಾಲೇಜಿನ ಗಣಿತ ಪರಂಪರೆಗೆ ಮುಕುಟಪ್ರಾಯರಾಗಿದ್ದವರು ರಘುನಾಥ ಪುರುಷೋತ್ತಮ ಪರಾಂಜಪೆಯವರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದವರಿಗೆ ಸೀನಿಯರ್ ರ‍್ಯಾಂಗ್ಲರ್ ಎಂಬ ಬಿರುದು ಸಲ್ಲುತ್ತಿದ್ದ ಕಾಲವದು. 1899ರಲ್ಲಿ ಆ ಬಿರುದನ್ನು ಪಡೆದ ಪ್ರಥಮ ಭಾರತೀಯರು ಪರಾಂಜಪೆಯವರು. ದೊಡ್ಡ ಸಂಬಳದ ಸರಕಾರಿ ಹುದ್ದೆಗಳು ಕೈಬೀಸಿ ಕರೆಯುತ್ತಿದ್ದರೂ ಅವರು ಪುಣೆಗೆ ಮರಳಿ ಇದೇ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತ ದೀರ್ಘಕಾಲ ಪ್ರಾಚಾರ್ಯರಾಗಿ ಸೇವೆ ಸಲ್ಲಿಸಿದರು. ಇದರ ಜೊತೆಗೆ, 1907ರಲ್ಲಿ ಜನ್ಮ ತಾಳಿದ ಭಾರತೀಯ ಗಣಿತ ಸಂಘದ ಗ್ರಂಥಭಂಡಾರವೂ ಆ ದಿನಗಳಲ್ಲಿ ಇದೇ ಕಾಲೇಜಿನ ಆವರಣದಲ್ಲಿದ್ದಿತು. ಹೀಗೆ ಗುರುಪರಂಪರೆ, ಗ್ರಂಥಸಂಪತ್ತು ಎರಡೂ ಕೂಡಿದ ಸ್ಥಳಕ್ಕೆ ಹದಿನೆಂಟರ ತರುಣ ಕಾಪ್ರೇಕರರು ಬಂದು ಸೇರಿದರು.

ಪರಾಂಜಪೆಯವರ ಹೆಸರಿನಲ್ಲಿ ಅಲ್ಲೊಂದು ಗಣಿತ ಪಾರಿತೋಷಕವಿದ್ದಿತು. ಪರೀಕ್ಷೆಯಲ್ಲಿ ಅತಿಹೆಚ್ಚು ಅಂಕ ಗಳಿಸಿದವರಿಗೆಂದು ಮೀಸಲಾದ ಪಾರಿತೋಷಕಗಳು ಎಲ್ಲ ಕಾಲೇಜುಗಳಲ್ಲಿಯೂ ಇರುತ್ತವೆ. ಇದಾದರೋ ಅವುಗಳಿಂದ ಭಿನ್ನವಾದುದು. ವಿದ್ಯಾರ್ಥಿಯೊಬ್ಬನು ತನ್ನ ಸ್ವಂತ ಚಿಂತನೆಯಿಂದ ಮಾಡಿದ ಗಣಿತಕ್ಕೆ, ಅಂದರೆ ಯಾವ ಪಠ್ಯಪುಸ್ತಕವೂ ಹೇಳಿಕೊಡದ ಹೊಸ ವಿಚಾರಕ್ಕೆ, ಈ ಮನ್ನಣೆ ಸಲ್ಲುತ್ತಿದ್ದಿತು. 1927ರಲ್ಲಿ ಈ ಪಾರಿತೋಷಕ ಕಾಪ್ರೇಕರರ ಪಾಲಿಗೆ ಬಂದಿತು. ಅವರು ಪದವೀಧರರಾದುದು ಅದಾದ ಎರಡು ವರ್ಷಗಳ ತರುವಾಯ, 1929ರಲ್ಲಿ. ಪದವಿ ಕೈಸೇರುವ ಮುನ್ನವೇ ಅವರು ಸಂಶೋಧಕರೆಂದು ಮಾನ್ಯರಾಗಿದ್ದರು.

ಈ ಚಿಕ್ಕ ಘಟನೆಯ ಹಿರಿಮೆ ತಿಳಿಯಬೇಕಾದರೆ ಅಂದಿನ ವಿದ್ಯಾಪದ್ಧತಿಯನ್ನು ನೆನೆಯಬೇಕು. ಕುಂಭಕೋಣದ ಶ್ರೀನಿವಾಸ ರಾಮಾನುಜನ್ನರು ಗಣಿತವೊಂದನ್ನು ಬಿಟ್ಟು ಮಿಕ್ಕ ವಿಷಯಗಳನ್ನು ಕಡೆಗಣಿಸಿದ ಕಾರಣ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗದೆ ವರ್ಷಗಟ್ಟಲೆ ಅಲೆದಾಡಿದರು. ಕಟ್ಟಕಡೆಗೆ ಮದರಾಸು ವಿಶ್ವವಿದ್ಯಾನಿಲಯವು 1913ರಲ್ಲಿ ತನ್ನ ನಿಯಮವನ್ನು ಸಡಿಲಿಸಿ, ಪದವಿಯಿಲ್ಲದ ಆ ಮಹಾಪ್ರತಿಭೆಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ದಯಪಾಲಿಸಿತು. ಒಬ್ಬ ರಾಮಾನುಜನ್ನರಿಗಾಗಿ ನಿಯಮವನ್ನು ಮುರಿಯಬಹುದು. ಅವರಷ್ಟು ಅಸಾಮಾನ್ಯರಲ್ಲದಿದ್ದರೂ ಸ್ವಂತ ಪ್ರಶ್ನೆಯುಳ್ಳ ನೂರಾರು ವಿದ್ಯಾರ್ಥಿಗಳ ಗತಿಯೇನು? ಅವರಿಗಾಗಿ ನಿಯಮದೊಳಗೇ ಒಂದು ಕಿಂಡಿಯನ್ನು ತೆರೆದಿಡುವುದು ವಿದ್ಯಾಸಂಸ್ಥೆಗಳ ಹೊಣೆ. ಫರ್ಗ್ಯುಸನ್ ಕಾಲೇಜಿನ ಪಾರಿತೋಷಕ ಅಂತಹುದೊಂದು ಕಿಂಡಿ. ಅದರಿಂದ ಬಂದ ಬೆಳಕು ಒಬ್ಬ ವಿದ್ಯಾರ್ಥಿಯ ಬಾಳಿನುದ್ದಕ್ಕೂ ಸಾಕಾಯಿತೆಂಬುದಕ್ಕೆ ಕಾಪ್ರೇಕರರ ಜೀವನವೇ ಸಾಕ್ಷಿ.

ಪದವಿಯಾದ ಮೇಲೆ ಅವರು ಉನ್ನತ ವ್ಯಾಸಂಗಕ್ಕೆ ಹೋಗಲಿಲ್ಲ. ನಾಸಿಕಕ್ಕೆ ಸಮೀಪದ ದೇವಳಾಲಿ ಎಂಬ, ಸೇನೆಯ ಠಾಣ್ಯವುಳ್ಳ ಊರಿನಲ್ಲಿ ಶಾಲಾಶಿಕ್ಷಕರಾಗಿ ನೆಲೆಸಿದರು. 1962ರಲ್ಲಿ ನಿವೃತ್ತರಾಗುವವರೆಗೆ ಮೂರು ದಶಕಗಳಿಗೂ ಮಿಗಿಲಾದ ಕಾಲವನ್ನು ಅವರು ಅಲ್ಲಿಯೇ ಕಳೆದರು. ಅಲ್ಲಿ ಸಂಶೋಧಕರ ಬಳಗವಿಲ್ಲ, ಮಾರ್ಗದರ್ಶಕರಾದ ಪ್ರಾಧ್ಯಾಪಕರಿಲ್ಲ. ಇದ್ದುದು ಕರಿಹಲಗೆ, ಸೀಮೆಸುಣ್ಣ, ಹುಡುಗರು ಮತ್ತು ಸಂಖ್ಯೆಗಳು. ಅವರು ಒಳ್ಳೆಯ ಶಿಕ್ಷಕರೆಂದು ಹೆಸರಾದರು. ಸಂಖ್ಯೆಗಳ ಮೇಲಿನ ತಮ್ಮ ಪ್ರೀತಿಯನ್ನೇ ವಿದ್ಯಾರ್ಥಿಗಳ ಮನಸ್ಸಿಗೆ ಹರಿಯಿಸಿ ಅವರಲ್ಲಿ ಕುತೂಹಲವನ್ನು ಕೆರಳಿಸುವುದು ಅವರ ಬೋಧನೆಯ ರೀತಿ. ಸುತ್ತಣ ಕಾಲೇಜುಗಳವರೂ ಅವರನ್ನು ಕರೆಯಿಸಿ ಉಪನ್ಯಾಸ ಮಾಡಿಸುತ್ತಿದ್ದರು.

ಕಾಪ್ರೇಕರರಿಗೆ ಗಣಿತದ ಚಿಂತನೆಗೆ ಇಂಥದೇ ಸ್ಥಳ, ಇಂಥದೇ ವೇಳೆ ಎಂಬ ನಿರ್ಬಂಧವಿರಲಿಲ್ಲ. ಮುಂಬಯಿಯಿಂದ ಮೂವತ್ತು ಮೈಲಿ ದೂರದಲ್ಲಿ ಅಂದಿನ ಜಿ.ಐ.ಪಿ. ರೈಲುಮಾರ್ಗದ ಮೇಲಿದ್ದ ನಿಲ್ದಾಣವೊಂದರಲ್ಲಿ ಅವರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರ ಹೊಳೆಯಿತು. ಈಗ ಡೊಂಬಿವಿಲಿ ಎನಿಸಿಕೊಂಡಿರುವ ಆ ನಿಲ್ದಾಣದ ಅಂದಿನ ಹೆಸರಿನಿಂದಲೇ ಅವುಗಳನ್ನು ಅವರು ಡೆಮ್ಲೋ ಸಂಖ್ಯೆಗಳೆಂದು ಕರೆದರು. 1ರ ವರ್ಗ 1. 11ರ ವರ್ಗ 121. 111ರ ವರ್ಗ 12321. 1111ರ ವರ್ಗ 1234321. ಹೀಗೆ ಗೋಪುರದಂತೆ ಏರಿ ಇಳಿಯುವ ಈ ಸಂಖ್ಯೆಗಳು ಆ ಬಳಗಕ್ಕೆ ಸೇರಿದವು. ರೈಲಿಗಾಗಿ ಕಾಯುವ ಹೊತ್ತು ಇತರರಿಗೆ ಬೇಸರದ ಹೊತ್ತಾದರೆ ಅವರಿಗೆ ಅದು ಅನುಸಂಧಾನದ ಹೊತ್ತಾಗಿದ್ದಿತು.

ಅವರ ಹೆಸರನ್ನು ಲೋಕವಿಖ್ಯಾತಗೊಳಿಸಿದುದು 6174 ಎಂಬ ಸಂಖ್ಯೆ. 1946ರಲ್ಲಿ ಅವರು ಕಂಡುಕೊಂಡ ಈ ಸಂಖ್ಯೆಯ ಗುಣವನ್ನು ಪ್ರಾಥಮಿಕ ಶಾಲೆಯ ಬಾಲಕನೂ ಪರೀಕ್ಷಿಸಿ ನೋಡಬಹುದು. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಬಂದ ಶೇಷಕ್ಕೂ ಹಾಗೆಯೇ ಮಾಡಬೇಕು. ಸೊನ್ನೆ ಬಂದಲ್ಲಿ ಅದನ್ನು ಬಿಡದೆ ನಾಲ್ಕು ಸ್ಥಾನಗಳನ್ನೂ ತುಂಬಬೇಕು. ಕಾಪ್ರೇಕರರ ಜನ್ಮವರ್ಷವಾದ 1905ನ್ನೇ ತೆಗೆದುಕೊಂಡರೆ, 9510ರಿಂದ 0159ನ್ನು ಕಳೆದಾಗ 9351 ದೊರೆಯುತ್ತದೆ. ಅದರಿಂದ 8172, ಬಳಿಕ 7443, ಬಳಿಕ 3996, ಬಳಿಕ 6264, ಬಳಿಕ 4176, ಏಳನೆಯ ಬಾರಿಗೆ 6174. ಮತ್ತೆ ಮಾಡಿದರೆ 7641ರಿಂದ 1467ನ್ನು ಕಳೆದಾಗ ಬರುವುದು ಮರಳಿ 6174. ಅಲ್ಲಿಂದ ಮುಂದೆ ಚಲನೆಯಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇದೇ ನೆಲೆಯನ್ನು ಮುಟ್ಟುವುದು ನಿಶ್ಚಿತ. ಇದನ್ನು ಈಗ ಕಾಪ್ರೇಕರ್ ಸ್ಥಿರಾಂಕವೆಂದು ಕರೆಯುತ್ತಾರೆ. ಮೂರಂಕಿಯ ಸಂಖ್ಯೆಗಳಿಗೆ ಇಂತಹ ನೆಲೆ 495.

ಸೊನ್ನೆಯಿಂದ ಆರಂಭವಾಗುವವುಗಳನ್ನೂ ಸೇರಿಸಿದರೆ ಇಂತಹ ಸಂಖ್ಯೆಗಳು 9990 ಆಗುತ್ತವೆ. ಅವೆಲ್ಲವನ್ನೂ ಒಂದೊಂದಾಗಿ ಕಳೆದು ನೋಡಬೇಕೆ? ಬೇಕಿಲ್ಲ. ನಾಲ್ಕು ಅಂಕಿಗಳಲ್ಲಿ ಅತಿದೊಡ್ಡದಕ್ಕೂ ಅತಿಚಿಕ್ಕದಕ್ಕೂ ಇರುವ ವ್ಯತ್ಯಾಸವನ್ನು 999ರಿಂದ ಗುಣಿಸಿ, ನಡುವಣ ಎರಡು ಅಂಕಿಗಳ ವ್ಯತ್ಯಾಸವನ್ನು 90ರಿಂದ ಗುಣಿಸಿ ಎರಡನ್ನೂ ಕೂಡಿಸಿದರೆ ಶೇಷ ದೊರೆಯುತ್ತದೆ. 1905ರಲ್ಲಿ ಮೊದಲ ವ್ಯತ್ಯಾಸ 9, ಎರಡನೆಯದು 4. ಆದುದರಿಂದ 8991ಕ್ಕೆ 360ನ್ನು ಕೂಡಿಸಿದಾಗ 9351. ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಮಾತ್ರ ಇರಬಲ್ಲುದು. ಒಳಗಿನದು ಹೊರಗಿನದನ್ನು ಮೀರಲಾರದು. ಎಣಿಸಿದರೆ ಇಂತಹ ಜೋಡಿಗಳು ಕೇವಲ 54. ಐವತ್ತನಾಲ್ಕು ಜೋಡಿಗಳನ್ನು ಪರೀಕ್ಷಿಸಿದರೆ ಸಾಕು, ಸಾವಿರಾರು ಸಂಖ್ಯೆಗಳ ವಿಧಿ ನಿರ್ಣಯವಾಗುತ್ತದೆ. ಆಟದಂತೆ ಕಾಣುವ ವಿಷಯದೊಳಗೆ ಅಡಗಿರುವ ಕ್ರಮವನ್ನು ಹೀಗೆ ಬಿಡಿಸಿ ಕಾಣುವುದೇ ಗಣಿತ. ಸಂಶೋಧನೆಯ ಮೊದಲ ಪಾಠವನ್ನು ಕಲಿಯಲು ಇದಕ್ಕಿಂತ ಸರಳವಾದ ಉದಾಹರಣೆ ದೊರೆಯುವುದು ದುರ್ಲಭ.

ಈ ಫಲಿತಾಂಶವನ್ನು ಅವರು 1949ರ ಮದರಾಸು ಗಣಿತ ಸಮ್ಮೇಳನದಲ್ಲಿ ಮಂಡಿಸಿದರು. 1953ರಲ್ಲಿ ಅಮೆರಿಕದಿಂದ ಹೊರಡುತ್ತಿದ್ದ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಎಂಬ ಪತ್ರಿಕೆಯಲ್ಲಿ, ಅಂಕಿಗಳನ್ನು ತಿರುಗುಮುರುಗು ಮಾಡುವ ಸಮಸ್ಯೆಗಳನ್ನು ಕುರಿತ ಅವರ ಲೇಖನ ಪ್ರಕಟವಾಯಿತು.

ಅವರು ಗುರುತಿಸಿದ ಇನ್ನೊಂದು ಬಳಗಕ್ಕೆ ಕಾಪ್ರೇಕರ್ ಸಂಖ್ಯೆಗಳೆಂದೇ ಹೆಸರಾಯಿತು. 45ರ ವರ್ಗ 2025. ಅದನ್ನು 20 ಮತ್ತು 25 ಎಂದು ಸೀಳಿ ಕೂಡಿಸಿದರೆ ಪುನಃ 45. 55ರ ವರ್ಗ 3025. 30 ಮತ್ತು 25 ಸೇರಿ 55. 703ರ ವರ್ಗ 494209. 494 ಮತ್ತು 209 ಸೇರಿ 703. ಒಡೆದರೂ ಮರಳಿ ತನ್ನ ಮೂಲವನ್ನೇ ಸೇರುವ ಸಂಖ್ಯೆಗಳಿವು. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ಅವರು ಇಟ್ಟ ಹೆಸರು ಹರ್ಷದ, ಅಂದರೆ ಸಂತೋಷವನ್ನು ಕೊಡುವುದು. ರಾಮಾನುಜನ್ನರ ಹೆಸರಿನೊಡನೆ ಬೆಸೆದುಕೊಂಡಿರುವ 1729 ಸಹ ಹರ್ಷದ ಸಂಖ್ಯೆಯೇ: ಅದರ ಅಂಕಿಗಳ ಮೊತ್ತ 19, ಭಾಗಲಬ್ಧ 91. ತಾವು ಕಂಡುದಕ್ಕೆ ಸಂತೋಷದ ಹೆಸರನ್ನಿಟ್ಟುದು ಆ ಜೀವದ ಒಲವು ಎತ್ತ ಕಡೆಗಿದ್ದಿತೆಂಬುದನ್ನು ತೋರಿಸುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಅವರ ಸ್ವಯಂಭು ಸಂಖ್ಯೆಗಳ ವಿಚಾರ. ಒಂದು ಸಂಖ್ಯೆಗೆ ಅದರ ಅಂಕಿಗಳನ್ನೇ ಕೂಡಿಸಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ. 21ಕ್ಕೆ 2ನ್ನೂ 1ನ್ನೂ ಕೂಡಿಸಿದರೆ 24, 24ರಿಂದ 30, 30ರಿಂದ 33. ಹೀಗೆ ಪ್ರತಿಯೊಂದು ಸಂಖ್ಯೆಯೂ ಮತ್ತೊಂದಕ್ಕೆ ಜನ್ಮ ಕೊಡುತ್ತ ಹೋಗುತ್ತದೆ. 101ಕ್ಕೆ ಇಬ್ಬರು ಜನಕರು: 91 ಮತ್ತು 100. ಆದರೆ 20ಕ್ಕೆ ಜನಕನೇ ಇಲ್ಲ; ಯಾವ ಸಂಖ್ಯೆಯಿಂದಲೂ ಈ ರೀತಿಯಲ್ಲಿ 20 ಹುಟ್ಟಲಾರದು. 31, 42, 53, 64, 75, 86, 97 ಇವೂ ಅಂತಹವೇ. ಬೇರೊಂದರಿಂದ ಜನಿಸದೆ ತಾವೇ ತಾವಾಗಿರುವುದರಿಂದ ಇವಕ್ಕೆ ಸ್ವಯಂಭು ಎಂಬ ಹೆಸರು ಒಪ್ಪುತ್ತದೆ. ದೇವಳಾಲಿ ಸಂಖ್ಯೆಗಳೆಂದೂ ಇವುಗಳನ್ನು ಕರೆಯುವುದುಂಟು. ಇವುಗಳ ಗಣಿತವನ್ನು ವಿವರಿಸುವ ಪುಸ್ತಿಕೆಯನ್ನು ಅವರು 1963ರಲ್ಲಿ ದೇವಳಾಲಿಯಿಂದಲೇ ಹೊರತಂದರು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಇಷ್ಟೆಲ್ಲ ಸಾಧಿಸಿದ ಮಹನೀಯರನ್ನು ಅಂದಿನ ವಿದ್ವನ್ಮಂಡಲಿ ತಲೆಯ ಮೇಲೆ ಹೊತ್ತು ಮೆರೆಸಿತೆಂದು ಊಹಿಸುವಂತಿಲ್ಲ. ಭಾರತದ ಅನೇಕ ಗಣಿತಜ್ಞರು ಅವರ ವಿಚಾರಗಳನ್ನು ಕ್ಷುಲ್ಲಕವೆಂದು ನಕ್ಕು ತಳ್ಳಿಹಾಕಿದರು. ಹೆಸರಾಂತ ಪತ್ರಿಕೆಗಳ ಬಾಗಿಲು ಅವರಿಗೆ ತೆರೆಯುತ್ತಿದ್ದುದು ಅಪರೂಪ. ಆದಕಾರಣ ಅವರು ತಮ್ಮ ಬರಹಗಳನ್ನು ಸ್ವಂತ ಖರ್ಚಿನಲ್ಲಿ ಚಿಕ್ಕ ಪುಸ್ತಿಕೆಗಳಾಗಿ ಅಚ್ಚುಹಾಕಿಸಿದರು. ಪ್ರಕಾಶಕರ ಹೆಸರಿರಬೇಕಾದ ಸ್ಥಳದಲ್ಲಿ ದೇವಳಾಲಿಯ ಅವರ ಮನೆಯ ವಿಳಾಸವೇ ಇರುತ್ತಿದ್ದಿತು.

ವಿದ್ವಾಂಸರ ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕಾಪ್ರೇಕರರು ಕಂಡ ಗುಣಗಳಲ್ಲಿ ಹೆಚ್ಚಿನವು ಸಂಖ್ಯೆಯನ್ನು ಹತ್ತರ ಮಾನದಲ್ಲಿ ಬರೆಯುವ ಪದ್ಧತಿಗೆ ಕಟ್ಟುಬಿದ್ದವು. ಹತ್ತರ ಬದಲು ಎಂಟರ ಮಾನದಲ್ಲಿ ಬರೆದರೆ 6174ರ ಮಹಿಮೆ ಉಳಿಯದು. ಬರವಣಿಗೆಯ ರೀತಿಯನ್ನು ಅವಲಂಬಿಸದೆ ಸಂಖ್ಯೆಯ ಒಡಲಲ್ಲಿಯೇ ಇರುವ ಗುಣಗಳನ್ನು ಅರಸುವುದು ಉನ್ನತ ಸಂಖ್ಯಾಸಿದ್ಧಾಂತದ ಗುರಿ. ಈ ದೃಷ್ಟಿಯಿಂದ ಅವರನ್ನು ರಾಮಾನುಜನ್ನರ ಪಂಕ್ತಿಯಲ್ಲಿ ಕೂರಿಸುವುದು ಸಲ್ಲದು. ಆದರೆ ಒಂದು ಪ್ರಶ್ನೆ ಚಿಕ್ಕದೋ ದೊಡ್ಡದೋ ಎಂಬುದು ಅದನ್ನು ಕೇಳಿದ ದಿನವೇ ನಿರ್ಣಯವಾಗುವ ಸಂಗತಿಯಲ್ಲ. ಕಾಪ್ರೇಕರರ ವಿಷಯದಲ್ಲಿ ಕಾಲವು ನಕ್ಕವರ ತೀರ್ಪನ್ನು ಬಹುಮಟ್ಟಿಗೆ ತಿದ್ದಿತು. ಸ್ವಯಂಭು ಸಂಖ್ಯೆಗಳ ಮೇಲೆ 1973ರಲ್ಲಿ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪ್ರೌಢಪ್ರಬಂಧವೊಂದು ರಚಿತವಾಯಿತು. ಸ್ವತಃ ಡಾಕ್ಟರೇಟ್ ಪದವಿಯಿಲ್ಲದ ಶಾಲಾಶಿಕ್ಷಕರ ವಿಚಾರ ಇನ್ನೊಬ್ಬರಿಗೆ ಆ ಪದವಿಯ ವಿಷಯವಾಯಿತು. ಈ ಸಂಖ್ಯೆಗಳ ಹಂಚಿಕೆಯನ್ನು ಕುರಿತ ಲೇಖನ 1982ರಲ್ಲಿ ಅಮೆರಿಕದ ಗಣಿತ ಸಂಘದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಹತ್ತರ ಘಾತದಲ್ಲಿ ಒಂದನ್ನು ಕಳೆದಾಗ ಬರುವ 99, 999 ಮೊದಲಾದ ಸಂಖ್ಯೆಗಳ ಒಂದು ಬಗೆಯ ಭಾಜಕಗಳಿಗೂ ಕಾಪ್ರೇಕರ್ ಸಂಖ್ಯೆಗಳಿಗೂ ಇರುವ ನಿಕಟ ಸಂಬಂಧ 2000ದಲ್ಲಿ ಸಿದ್ಧವಾಯಿತು. ಆಟವೆಂದು ಬಗೆದುದರ ಬೇರು ಆಳಕ್ಕೆ ಇಳಿದಿದ್ದಿತು.

ನಿವೃತ್ತಿಯ ನಂತರದ ದಿನಗಳು ಸುಖಕರವಾಗಿರಲಿಲ್ಲ. 1966ರಲ್ಲಿ ಪತ್ನೀವಿಯೋಗವಾಯಿತು. ಬರುತ್ತಿದ್ದ ನಿವೃತ್ತಿವೇತನ ಹೊಟ್ಟೆಬಟ್ಟೆಗೆ ಸಾಲದಾದಾಗ, ಮಕ್ಕಳಿಗೆ ಗಣಿತ ಮತ್ತು ವಿಜ್ಞಾನಗಳ ಮನೆಪಾಠ ಹೇಳಿ ಅವರು ಜೀವನ ಸಾಗಿಸಬೇಕಾಯಿತು. ಅಂತಹ ಬಡತನದಲ್ಲಿಯೂ ಸಂಖ್ಯೆಗಳ ಸಂಗವನ್ನು ಅವರು ತೊರೆಯಲಿಲ್ಲ. ಶರಣರು ಕಾಯಕವೆಂದು ಕರೆದ ತತ್ತ್ವವನ್ನು ಬಲ್ಲ ಓದುಗರಿಗೆ ಈ ನಿಷ್ಠೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಲವನ್ನೂ ಪ್ರಶಂಸೆಯನ್ನೂ ಎದುರುನೋಡದೆ ದಿನದಿನವೂ ಮಾಡಿದ ಕೆಲಸ ಕಾಯಕವಾದರೆ, ಅರೆಹೊಟ್ಟೆಯ ಹಣದಲ್ಲಿ ಪುಸ್ತಿಕೆಗಳನ್ನು ಮುದ್ರಿಸಿ ತಾವು ಕಂಡ ಸಂತೋಷವನ್ನು ಇತರರಿಗೂ ಮುಟ್ಟಿಸಿದುದು ಒಂದು ತೆರನ ದಾಸೋಹವೇ ಸರಿ.

ಮನ್ನಣೆ ಬಂದುದು ತಡವಾಗಿ, ಅದೂ ಕಡಲಾಚೆಯಿಂದ. ಗಣಿತವನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ ಅವರು 1975ರ ಮಾರ್ಚ್ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರರ ಸಂಖ್ಯೆಗಳನ್ನು ಕುರಿತು ಬರೆದರು. ಆಗ ಅವರಿಗೆ ಎಪ್ಪತ್ತು ವರ್ಷ. ಆ ಒಂದು ಲೇಖನದಿಂದ ದೇವಳಾಲಿಯ ಮಾಸ್ತರರ ಹೆಸರು ದೇಶದೇಶಗಳ ಗಣಿತಪ್ರಿಯರ ನಾಲಗೆಯ ಮೇಲೆ ನಲಿಯತೊಡಗಿತು. 1986ರಲ್ಲಿ ಅವರು ದೇವಳಾಲಿಯಲ್ಲಿಯೇ ಕಣ್ಮುಚ್ಚಿದರು.

ವಿದ್ಯಾರ್ಥಿಗೆ ಪದವಿಗೆ ಮುನ್ನವೇ ಸಂಶೋಧನೆಯ ರುಚಿ ತೋರಿಸಬೇಕೆಂಬ ವಿಚಾರ ಅವರ ಜೀವಿತದ ಕೊನೆಯ ಕಾಲಕ್ಕೆ ಲೋಕದಲ್ಲಿ ಬೇರುಬಿಡುತ್ತಲಿದ್ದಿತು. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯವು 1969ರಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳು ಪ್ರಾಧ್ಯಾಪಕರೊಡನೆ ಸೇರಿ ಸಂಶೋಧನೆ ನಡೆಸುವ ಯೋಜನೆಯನ್ನು ಕೈಗೊಂಡಿತು. ಕಾಪ್ರೇಕರರು ತೀರಿಕೊಂಡ ಮರುವರ್ಷ, 1987ರಲ್ಲಿ, ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂತಹ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ವೇತನ ಕೊಟ್ಟು ಸಂಶೋಧನೆಯಲ್ಲಿ ತೊಡಗಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಭಾರತದಲ್ಲಿ ಪದವಿ ತರಗತಿಗಳ ಗಣಿತ ವಿದ್ಯಾರ್ಥಿಗಳಿಗಾಗಿ 1993ರಿಂದ ಬೇಸಿಗೆ ಶಿಬಿರಗಳು ನಡೆದುಬಂದಿವೆ. ಉಪನ್ಯಾಸವನ್ನು ಆಲಿಸುವುದಕ್ಕಿಂತ ಪ್ರಶ್ನೋತ್ತರದ ಮೂಲಕ ತಾವೇ ಯೋಚಿಸುವುದಕ್ಕೆ ಅಲ್ಲಿ ಪ್ರಾಧಾನ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು 1995ರಲ್ಲಿ ಆರಂಭಿಸಿದ ಬೇಸಿಗೆ ಸಂಶೋಧನ ಶಿಷ್ಯವೃತ್ತಿ ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಶಿಕ್ಷಕರಿಗೂ ಸಲ್ಲುವಂತಹುದು. ಶಿಕ್ಷಕನೂ ಸಂಶೋಧಕನಾಗಬಲ್ಲನೆಂಬ ತತ್ತ್ವವನ್ನು ಕಾಪ್ರೇಕರರು ಯಾರ ನೆರವೂ ಇಲ್ಲದೆ ಬಾಳಿ ತೋರಿಸಿದ್ದರು. ಅದಕ್ಕೆ ಸಂಸ್ಥೆಯ ಮುದ್ರೆ ಬೀಳಲು ಇಷ್ಟು ಕಾಲ ಬೇಕಾಯಿತು.

ಅವರ ಚರಿತ್ರೆಯಿಂದ ವಿದ್ಯಾರ್ಥಿಗಳೂ ವಿದ್ಯಾಸಂಸ್ಥೆಗಳೂ ಕಲಿಯಬೇಕಾದುದು ಬೇರೆಬೇರೆ. ಪಠ್ಯಪುಸ್ತಕದ ಕೊನೆಯ ಪುಟದವರೆಗೆ ಕಾಯದೆ, ಇಂದಿನ ಪಾಠದಲ್ಲಿಯೇ ಪುಸ್ತಕ ಕೇಳದಿರುವ ಒಂದು ಪ್ರಶ್ನೆಯನ್ನು ಕೇಳಿಕೊಂಡು, ಉತ್ತರ ದೊರೆಯುವವರೆಗೆ ಅದನ್ನು ಕೈಬಿಡದಿರುವುದು ವಿದ್ಯಾರ್ಥಿಯ ಕೆಲಸ. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಸೀಸದಕಡ್ಡಿ, ಮತ್ತು ತಪ್ಪಿದಾಗ ಮತ್ತೆ ಮೊದಲಿನಿಂದ ಆರಂಭಿಸುವ ತಾಳ್ಮೆ. ಸಂಸ್ಥೆಗಳ ಕೆಲಸವಾದರೋ, ಅಂಕಪಟ್ಟಿಗೆ ಸಿಕ್ಕದ ಈ ಶ್ರಮವನ್ನು ಗುರುತಿಸಿ ಬೆನ್ನು ತಟ್ಟುವುದು. ಅದಕ್ಕೆ ಭವ್ಯ ಕಟ್ಟಡಗಳೂ ಲಕ್ಷಗಟ್ಟಲೆ ಧನವೂ ಬೇಕಿಲ್ಲ. ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ಸ್ವಂತ ವಿಚಾರಕ್ಕೆ ಸಲ್ಲುವ ಒಂದು ಪಾರಿತೋಷಕ, ಅದನ್ನು ಓದಿನೋಡುವ ಒಬ್ಬ ಅಧ್ಯಾಪಕ ಇದ್ದರೆ ಸಾಕು. 1927ರಲ್ಲಿ ಪುಣೆಯಲ್ಲಿ ದೊರೆತುದು ಅಷ್ಟೇ. ಅಷ್ಟರ ಬಲದಿಂದ ಒಬ್ಬ ಗುಮಾಸ್ತರ ಮಗ ನಗೆಯನ್ನೂ ಬಡತನವನ್ನೂ ಒಂಟಿತನವನ್ನೂ ಗೆದ್ದು, ಸುಮಾರು ಅರುವತ್ತು ವರ್ಷಗಳ ಕಾಲ ಸಂಖ್ಯೆಗಳ ಆರಾಧನೆಯನ್ನು ನಡೆಸಿದನು. ಪ್ರತಿ ಊರಿನ ಶಾಲೆಯಲ್ಲಿಯೂ ಅಂತಹ ಬಾಲಕ ಬಾಲಿಕೆಯರು ಕುಳಿತಿರಬಹುದೆಂಬ ಎಚ್ಚರ ಗುರುವರ್ಗಕ್ಕೆ ಇರುವುದಾದರೆ, ಆ ಪುಣ್ಯಪುರುಷರ ಸ್ಮರಣೆ ಸಾರ್ಥಕವಾದೀತು.